ಡೀಸೆಲ್ ಹೊಗೆ, ಆರೋಗ್ಯ ಮತ್ತು ಸರಕಾರದ ಅನುದಾನ

ಮುಂಬಯಿ ಮಹಾನಗರದ ಈಶಾನ್ಯ ದಿಕ್ಕಿನ ಹೆಬ್ಬಾಗಿಲು ಮುಲುಂಡ್. ಹಳೆಯ ಆಗ್ರಾ ರಸ್ತೆಯು, ಅಂದರೆ ಇಂದಿನ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗವು, ಠಾಣೆಯ ಎಲ್ಲೆಯನ್ನು ಮುಟ್ಟುವ ಸ್ಥಳವನ್ನು ಜನರು ಇಂದಿಗೂ ಚೆಕ್ ನಾಕಾ ಎಂದೇ ಕರೆಯುತ್ತಾರೆ. 2017ರ ಜೂನ್ ತಿಂಗಳು ಮುಗಿಯುವವರೆಗೂ ಜಕಾತಿ ತೆರಬೇಕಾಗಿದ್ದ ಲಾರಿಗಳು ಇಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದುವು. ಜಿ.ಎಸ್.ಟಿ. ಬಂದೊಡನೆ ಜಕಾತಿ ಹೋಯಿತು. 2024ರ ಅಕ್ಟೋಬರಿನಲ್ಲಿ ಲಘು ವಾಹನಗಳ ಟೋಲ್ ಸಹ ರದ್ದಾಯಿತು. ಭಾರಿ ವಾಹನಗಳಿಗೆ ಮಾತ್ರ ಆ ವಿನಾಯಿತಿ ದೊರೆಯಲಿಲ್ಲ. ಸಾಲು ಗಿಡ್ಡವಾಯಿತು, ಹೊಗೆ ಮುಗಿಯಲಿಲ್ಲ.

ನಿಂತಲ್ಲೇ ಗುರುಗುಟ್ಟುವ ಎಂಜಿನಿನಲ್ಲಿ ಇಂಧನವು ಪೂರ್ಣವಾಗಿ ದಹನವಾಗುವುದಿಲ್ಲ. ಹಾಗೆ ಉಳಿದ ಇಂಗಾಲವೇ ಮಸಿಯಾಗಿ ಹೊರಬೀಳುತ್ತದೆ. ಈ ಮಸಿಯ ಕಣಗಳು 2.5 ಮೈಕ್ರಾನಿಗಿಂತಲೂ ಸೂಕ್ಷ್ಮವಾದುವು. ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲಿಗೂ ಕಡಿಮೆ. ರಸ್ತೆಯ ದಪ್ಪ ಧೂಳನ್ನು ಮೂಗಿನ ರೋಮಗಳೂ ಗಂಟಲಿನ ಲೋಳೆಯೂ ಬಹುಮಟ್ಟಿಗೆ ತಡೆದು ನಿಲ್ಲಿಸುತ್ತವೆ. ಮಸಿಯ ಕಣವಾದರೋ ಈ ಕಾವಲನ್ನು ದಾಟಿ ಶ್ವಾಸಕೋಶದ ತುತ್ತತುದಿಯ ವಾಯುಕೋಶಗಳನ್ನು ಸೇರುತ್ತದೆ. ಅತಿ ಸೂಕ್ಷ್ಮವಾದುವು ರಕ್ತವನ್ನೂ ಪ್ರವೇಶಿಸುತ್ತವೆ. ಆದುದರಿಂದಲೇ ಇದರ ಪರಿಣಾಮವು ಕೆಮ್ಮು ಉಬ್ಬಸಗಳಿಗೆ ನಿಲ್ಲದೆ ಹೃದಯಾಘಾತ, ಪಾರ್ಶ್ವವಾಯುಗಳವರೆಗೂ ಚಾಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ತಂಬಾಕಿನ ಹೊಗೆಯದೂ ಅದೇ ವರ್ಗ.

ಇದಕ್ಕೆ ಕಾನೂನು ಸಾಲದೆ, ಅನುದಾನವೇಕೆ ಎಂಬ ಪ್ರಶ್ನೆ ಸಹಜ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಬಿ.ಎಸ್. 6 ನಿಯಮವು ಜಾರಿಗೆ ಬಂದು, ಡೀಸೆಲಿನಲ್ಲಿರುವ ಗಂಧಕವು ದಶಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಆದರೆ ಹೊಸ ಎಂಜಿನಿನ ನಿಯಮವು ಹೊಸ ವಾಹನವನ್ನಷ್ಟೇ ಕಟ್ಟುತ್ತದೆ. ಡೀಸೆಲ್ ಎಂಜಿನು ದೀರ್ಘಾಯುಷಿ; ರಿಪೇರಿ ಮಾಡಿಸುತ್ತ ಹೋದರೆ ಇಪ್ಪತ್ತು ವರ್ಷವೂ ದುಡಿದೀತು. ಒಂದೇ ಲಾರಿಯನ್ನು ನಂಬಿ ಸಂಸಾರ ನಡೆಸುವ ಮಾಲಿಕನು ಅದನ್ನು ತಾನಾಗಿ ಬಿಡಲಾರ. ಲಾಭ ಅವನದು, ಕೆಮ್ಮು ನಾಕಾದ ಬಳಿ ವಾಸಿಸುವವರದು. ಈ ಅಂತರವನ್ನು ತುಂಬಲೆಂದೇ ಸರಕಾರದ ಹಣ ಬೇಕಾಗುತ್ತದೆ.

ಅಮೆರಿಕವು 2005ರಲ್ಲಿ ಇದಕ್ಕಾಗಿಯೇ ಒಂದು ಶಾಸನವನ್ನು ಮಾಡಿ, ರಾಜ್ಯಗಳಿಗೂ ಅನುದಾನದಲ್ಲಿ ಪಾಲು ನೀಡತೊಡಗಿತು. ಅಲ್ಲಿಯ ಒಂದು ಷರತ್ತು ಗಮನಾರ್ಹವಾದುದು: ಹೊಸ ಎಂಜಿನಿಗೆ ಹಣ ಪಡೆದವನು ಹಳೆಯ ಎಂಜಿನಿನ ಒಡಲಿಗೆ ಮೂರು ಅಂಗುಲದ ರಂಧ್ರ ಕೊರೆಸಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡಬೇಕು. ಇಲ್ಲವಾದರೆ ಅದು ಮತ್ತೊಂದು ಊರಿಗೆ ಮಾರಾಟವಾಗಿ ಅಲ್ಲಿಯ ಮಕ್ಕಳ ಎದೆಯನ್ನು ಸೇರುವುದು.

ನಮ್ಮ ದೇಶದಲ್ಲಿ ಈ ಕಾರ್ಯವು ಬಸ್ಸುಗಳಿಂದ ಆರಂಭವಾಯಿತು. 2019ರಿಂದ 2024ರ ಮಾರ್ಚ್ ವರೆಗೆ ನಡೆದ ಫೇಮ್ ಎರಡನೆಯ ಹಂತದಲ್ಲಿ ವಿದ್ಯುತ್ ಬಸ್ಸಿನ ಬ್ಯಾಟರಿಯ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 20,000 ರೂಪಾಯಿಗಳ ಸಹಾಯಧನವಿತ್ತು. ಬೆಸ್ಟ್ ಸಂಸ್ಥೆಗೆ 340 ಬಸ್ಸುಗಳು ಮಂಜೂರಾದುವು. 2023ರ ಸೆಪ್ಟೆಂಬರ್ 15ರಂದು ಡೀಸೆಲಿನ ಕೊನೆಯ ಡಬಲ್ ಡೆಕ್ಕರ್ ಬಸ್ಸು ಓಡಿದಾಗ ಹಳೆಯ ಮುಂಬಯಿಗರು ಹೂಮಾಲೆ ಹಾಕಿ ಬೀಳ್ಕೊಟ್ಟರು. ಮಹಡಿಯ ಮುಂದಿನ ಆಸನದ ಸುಖವು ನಿಜವೇ. ಅದರ ಹಿಂದೆ ಉಳಿಯುತ್ತಿದ್ದ ಹೊಗೆಯೂ ಅಷ್ಟೇ ನಿಜ. 2024ರ ಅಕ್ಟೋಬರಿನಲ್ಲಿ ಆರಂಭವಾದ ಪಿ.ಎಂ. ಇ-ಡ್ರೈವ್ ಯೋಜನೆಯ 10,900 ಕೋಟಿ ರೂಪಾಯಿಗಳಲ್ಲಿ 4,391 ಕೋಟಿಯನ್ನು ಮುಂಬಯಿ ಸೇರಿದಂತೆ ಒಂಬತ್ತು ಮಹಾನಗರಗಳ ಬಸ್ಸುಗಳಿಗಾಗಿಯೇ ತೆಗೆದಿರಿಸಲಾಯಿತು. ಬೆಂಗಳೂರಿನ ಪಾಲಿಗೆ 4,500 ಬಸ್ಸುಗಳು ಬಂದುವೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಇದಲ್ಲದೆ ಹದಿನೈದನೆಯ ಹಣಕಾಸು ಆಯೋಗವು ಹತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳ ಗಾಳಿಯ ಶುದ್ಧಿಗಾಗಿ 2020-21ರಲ್ಲಿ 4,400 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿತು. ಮೊದಲ ಕಂತಿನಲ್ಲಿ ಮುಂಬಯಿಗೆ ಬಂದುದು 244 ಕೋಟಿ. ಆದರೆ ಹಣ ಬಂದುದೆಲ್ಲ ಹೊಗೆಯನ್ನು ಹಿಡಿಯಲಿಲ್ಲ. ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ನಗರಗಳ ವೆಚ್ಚವನ್ನು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2024ರಲ್ಲಿ ಪರಿಶೀಲಿಸಿದಾಗ, ನೂರಕ್ಕೆ 64ರಷ್ಟು ರಸ್ತೆಯ ಧೂಳಿಗೆ, ಕೇವಲ 13ರಷ್ಟು ವಾಹನಗಳ ಹೊಗೆಗೆ ಸಂದುದು ಕಂಡುಬಂದಿತು. ನಗರಗಳ ಸಾಧನೆಯನ್ನು ಅಳೆಯುವ ಮಾನದಂಡವೇ ಹತ್ತು ಮೈಕ್ರಾನಿನವರೆಗಿನ ಕಣಗಳ ಮೊತ್ತವಾಗಿದ್ದುದರಿಂದ, ಗುಡಿಸುವ ಯಂತ್ರ ಕೊಳ್ಳುವುದೇ ಸುಲಭದ ದಾರಿಯಾಯಿತು. ಮೂಗು ತಡೆಯಬಲ್ಲ ಧೂಳಿಗೆ ಸಿಂಹಪಾಲು, ಯಾವುದೂ ತಡೆಯಲಾಗದ ಮಸಿಗೆ ಚೂರುಪಾರು! ಟ್ಯಾಕ್ಸಿಗಳು ಸಿ.ಎನ್.ಜಿ.ಗೆ ಬದಲಾದುದು ಅನುದಾನದಿಂದಲ್ಲ, ನಾಗರಿಕರ ಅರ್ಜಿಯ ಮೇಲೆ 1999ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ನೇಮಿಸಿದ ವಿ.ಎಂ. ಲಾಲ್ ಸಮಿತಿಯ ತರುವಾಯ ಹೊರಟ ಆದೇಶಗಳಿಂದ ಎಂಬುದನ್ನೂ ಇಲ್ಲಿ ನೆನೆಯಬಹುದು.

ನವೆಂಬರಿನಿಂದ ಫೆಬ್ರವರಿಯವರೆಗೆ ಮುಂಜಾನೆಯ ತಂಪುಗಾಳಿಯು ಹೊಗೆಯನ್ನು ನೆಲಕ್ಕೆ ಒತ್ತಿ ಹಿಡಿಯುವುದರಿಂದ, ಉಬ್ಬಸವುಳ್ಳವರೂ ಹೃದ್ರೋಗಿಗಳೂ ಬಿಸಿಲೇರಿದ ಮೇಲೆ, ಹೆದ್ದಾರಿಯಿಂದ ದೂರದ ಒಳರಸ್ತೆಗಳಲ್ಲಿ ನಡೆಯುವುದು ಒಳಿತು. ರಸ್ತೆಯಂಚಿನ ಹೋಟೆಲಿನ ಗಲ್ಲೆಯಲ್ಲಿ ದಿನವಿಡೀ ಕುಳಿತಿರುವವರಿಗೆ ಮುಖಕ್ಕೆ ಕಟ್ಟಿದ ಕರವಸ್ತ್ರದಿಂದ ಪ್ರಯೋಜನವಿಲ್ಲ. ಎನ್-95 ಮುಖಗವಸೇ ಬೇಕು. ಊರಿಗೆ ಹೊರಟ ರಾತ್ರಿಯ ಬಸ್ಸು ಪ್ರಯಾಣಿಕರಿಗಾಗಿ ಕಾಯುವಾಗ ಎಂಜಿನು ನಿಲ್ಲಿಸುವಂತೆ ಚಾಲಕನನ್ನು ಕೇಳುವುದರಲ್ಲಿ ಸಂಕೋಚಪಡಬೇಕಾದುದಿಲ್ಲ. ಸ್ವಂತ ಲಾರಿಯುಳ್ಳ ಬಂಧುಗಳಿಗೆ ತಿಳಿಸಬೇಕಾದ ಸಂಗತಿಯೂ ಒಂದಿದೆ. 2025ರ ಜುಲೈಯಲ್ಲಿ ಪ್ರಕಟವಾದ ನಿಯಮದಂತೆ ವಿದ್ಯುತ್ ಲಾರಿಗೆ ಗರಿಷ್ಠ 9.6 ಲಕ್ಷ ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಲಾಗಿದೆ. ಆದರೆ ಹಳೆಯ ಡೀಸೆಲ್ ಲಾರಿಯನ್ನು ಗುಜರಿಗೆ ಒಪ್ಪಿಸಿದ ಪ್ರಮಾಣಪತ್ರವನ್ನು ಒದಗಿಸಬೇಕಾಗುತ್ತದೆ.