ಪ್ರಶ್ನೆ ಕೇಳಲು ಕಲಿತ ಊರು

ಪ್ರಶ್ನಾವಳಿ ಹಿಡಿದು ಮನೆಮನೆಗೆ ಬರುವ ಸಂಶೋಧಕರನ್ನು ನಮ್ಮ ಕುಟುಂಬಗಳು ಕಾಫಿ ಕೊಟ್ಟು ಆದರಿಸುತ್ತವೆ. ಅವರು ಬರೆದುಕೊಂಡು ಹೋದದ್ದು ಏನಾಯಿತೆಂಬುದು ಮಾತ್ರ ತಿಳಿಯುವುದಿಲ್ಲ. ಬಲಿಪೂಜೆಯ ಬಳಿಕ ಈ ದೂರನ್ನು ನಾವು ಹಲವು ಸಲ ಕೇಳಿದ್ದೇವೆ. ಆಗೆಲ್ಲ ನೆನಪಾಗುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಬರ್ನ್ ಪಟ್ಟಣ.

ಅಲ್ಲಿನ ಆ್ಯನ್ ಆ್ಯಂಡರ್ಸನ್ ಎಂಬ ತಾಯಿಯ ಮಗನಿಗೆ 1972ರಲ್ಲಿ ರಕ್ತದ ಕ್ಯಾನ್ಸರ್ ಇರುವುದು ತಿಳಿಯಿತು. ನೆರೆಯ ಬೇರೆ ಮಕ್ಕಳಿಗೂ ಅದೇ ರೋಗ. ನಲ್ಲಿಯ ನೀರಿನಲ್ಲೇ ದೋಷವಿದೆಯೆಂದು ಆಕೆ ಹೇಳಿದಾಗ ನಂಬಿದವರು ವಿರಳ. ಆಕೆಯ ಚರ್ಚಿನ ಪಾದ್ರಿ, ಎಪಿಸ್ಕೋಪಲ್ ಸಭೆಯ ಬ್ರೂಸ್ ಯಂಗ್ ಸಹ ಮೊದಲು ನಂಬಲಿಲ್ಲ. (ಧರ್ಮಗುರುಗಳಾದ ನಾವು ಈ ವಾಕ್ಯವನ್ನು ಎರಡು ಸಲ ಓದಬೇಕು.) 1979ರಲ್ಲಿ ಪಟ್ಟಣದ ಎರಡು ಬಾವಿಗಳಲ್ಲಿ ಕೈಗಾರಿಕಾ ರಾಸಾಯನಿಕಗಳು ಪತ್ತೆಯಾಗಿ ಅವುಗಳನ್ನು ಮುಚ್ಚಲಾಯಿತು. ಅದೇ ವರ್ಷ ಪಾದ್ರಿಯವರು ನೊಂದ ಕುಟುಂಬಗಳನ್ನು ಚರ್ಚಿಗೆ ಕರೆದರು. ಮಕ್ಕಳ ಮನೆಗಳನ್ನು ನಕಾಶೆಯಲ್ಲಿ ಗುರುತಿಸಿದಾಗ ಹಲವು ಒಂದೇ ಕಡೆ ಗುಂಪುಗೂಡಿದ್ದವು. ಆದರೂ 1981ರ ಸರಕಾರಿ ವರದಿ, ರೋಗ ಹೆಚ್ಚಿರುವುದು ನಿಜ, ನೀರೇ ಕಾರಣವೆನ್ನಲು ಸಾಕ್ಷ್ಯವಿಲ್ಲ ಎಂದಿತು. ಆ ವರ್ಷವೇ ಆ ಬಾಲಕ ತೀರಿಕೊಂಡ.

ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಖ್ಯಾಶಾಸ್ತ್ರಜ್ಞರಾದ ಮಾರ್ವಿನ್ ಜೆಲೆನ್ ಮತ್ತು ಸ್ಟೀವನ್ ಲಗಾಕೋಸ್ ಇವರೊಡನೆ ಕೈಜೋಡಿಸಿದರು. 200ಕ್ಕೂ ಹೆಚ್ಚು ಸ್ವಯಂಸೇವಕರು ತರಬೇತಿ ಪಡೆದು, ದೂರವಾಣಿಯ ಮೂಲಕ 5,000ಕ್ಕೂ ಮಿಕ್ಕಿ ಸಂದರ್ಶನ ನಡೆಸಿದರು. ಇಂಥ ತರಬೇತಿಯಲ್ಲಿ ಕಠಿನವಾದ ಪಾಠ ಒಂದೇ: ಉತ್ತರ ತನಗೆ ಗೊತ್ತೆಂದು ಮನಸ್ಸು ಕೂಗುತ್ತಿರುವಾಗಲೂ ಎಲ್ಲರಿಗೂ ಒಂದೇ ಪ್ರಶ್ನೆಯನ್ನು ಒಂದೇ ಧ್ವನಿಯಲ್ಲಿ ಕೇಳುವುದು, ಬಂದ ಉತ್ತರವನ್ನು ತಿದ್ದದೆ ಬರೆಯುವುದು. ಮಗುವನ್ನು ಕಳೆದುಕೊಂಡ ಊರಿಗೆ ಇದು ಸಣ್ಣ ತಪಸ್ಸಲ್ಲ.

ಮಾನವ ಅಧಿಕಾರವನ್ನಷ್ಟೇ ಆಧರಿಸಿದ ವಾದವು ವಾದಗಳಲ್ಲಿ ಅತ್ಯಂತ ದುರ್ಬಲವೆಂಬ ಸಂತ ಥಾಮಸ್ ಅಕ್ವಿನಾಸರ ಅಭಿಪ್ರಾಯವನ್ನು ನಾವು ಗುರುಮಠದಲ್ಲಿ ಕಲಿತೆವು. ಪದವಿಯ ಅಧಿಕಾರದಂತೆಯೇ ದುಃಖದ ಅಧಿಕಾರಕ್ಕೂ ಈ ಮಾತು ಸಲ್ಲುತ್ತದೆಯೆಂಬುದು ಆಗ ನಮಗೆ ಹೊಳೆದಿರಲಿಲ್ಲ.

1984ರ ಫೆಬ್ರವರಿಯಲ್ಲಿ ಫಲಿತಾಂಶವನ್ನು ಪ್ರಕಟಿಸಿದ್ದು ಅದೇ ಚರ್ಚಿನಲ್ಲಿ. ಆ ಬಾವಿಗಳ ನೀರಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೂ ಸಂಬಂಧ ಕಂಡುಬಂದಿತ್ತು. ಊರವರೇ ಕಲೆಹಾಕಿದ ಮಾಹಿತಿ ಪಕ್ಷಪಾತದಿಂದ ಕೂಡಿರಬಹುದೆಂದು ಕೆಲವು ವಿಜ್ಞಾನಿಗಳು ಆಕ್ಷೇಪಿಸಿದರು. ಆಕ್ಷೇಪ ಅನ್ಯಾಯದ್ದೇನಲ್ಲ; ರೋಗಿಗಳ ಸಂಖ್ಯೆಯೂ ಚಿಕ್ಕದು. ಆದರೆ 1997ರಲ್ಲಿ ಪ್ರಕಟವಾದ ರಾಜ್ಯ ಆರೋಗ್ಯ ಇಲಾಖೆಯ ಅಧ್ಯಯನವೇ, ಗರ್ಭಿಣಿಯಾಗಿದ್ದಾಗ ತಾಯಿ ಕುಡಿದ ಆ ನೀರಿಗೂ ಮಗುವಿನ ರೋಗಕ್ಕೂ ಸಂಬಂಧವನ್ನು ಗುರುತಿಸಿತು.

ನಮ್ಮ ಧರ್ಮಕೇಂದ್ರಕ್ಕೆ ಇನ್ನು ಮುಂದೆ ಸಮೀಕ್ಷೆಗೆ ಬರುವವರಲ್ಲಿ ನಮ್ಮ ಕೋರಿಕೆ ಎರಡು: ಮೊದಲು ನಮ್ಮ ಯುವಕ ಯುವತಿಯರಲ್ಲಿ ಕೆಲವರಿಗೆ ಈ ವಿದ್ಯೆ ಕಲಿಸಿರಿ, ಕೊನೆಗೆ ಫಲಿತಾಂಶವನ್ನು ಚರ್ಚಿನ ಸಭಾಂಗಣದಲ್ಲಿ, ನಮ್ಮ ಭಾಷೆಯಲ್ಲಿ ಓದಿ ಹೇಳಿರಿ. ಕಾಫಿ ಎಂದಿನಂತೆ ಇರುತ್ತದೆ.