ಹೈಬ್ರಿಡ್ ಬೇಕೋ, ಫೋರ್ ವೀಲ್ ಬೇಕೋ?

ಶಿವಾಜಿನಗರದ ರಸೆಲ್ ಮಾರ್ಕೆಟ್ ದಾಟಿ ಗುಜರಿ ಗಲ್ಲಿಗಳು ಶುರುವಾಗುವ ಕಡೆ ಒಂದು ಗ್ಯಾರೇಜಿದೆ. ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಮನುಷ್ಯರಿಗೆ ಬೌರಿಂಗ್ ಆಸ್ಪತ್ರೆ ಹೇಗೋ ಹಳೇ ಜೀಪುಗಳಿಗೆ ಇದು ಹಾಗೆ. ಮಿಲಿಟರಿ ಹರಾಜಿನಲ್ಲಿ ಬಂದ ಜೋಂಗಾ, ಕಾಫಿ ತೋಟದ ಎಂಎಂ 540, ಪೆಟ್ರೋಲ್ ಎಂಜಿನ್ ಕಿತ್ತುಹಾಕಿ ಪ್ಯೂಜೋ ಡೀಸೆಲ್ ಕೂರಿಸಿಕೊಂಡ ವಿಲ್ಲೀಸ್, ಎಲ್ಲವೂ ಒಂದಲ್ಲ ಒಂದು ದಿನ ಇಲ್ಲಿಗೆ ಬಂದು ಹೊಟ್ಟೆ ಬಿಚ್ಚಿಸಿಕೊಂಡು ನಿಲ್ಲುತ್ತವೆ. ಮೇಸ್ತ್ರಿಗೆ ಅರವತ್ತು ದಾಟಿದೆ. ಹುಡುಗರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರ ಬಾಯಲ್ಲೂ ಅವರು ಚಾಚಾ.

ನಾನು ಹೋಗಿದ್ದು ಹಳೇ ಜೀಪಿನ ಲೋ ಗೇರು ನೋಡಲಿಕ್ಕೆ. ನೋಡುತ್ತ ನಿಂತಿದ್ದು ಮಾತ್ರ ಪಕ್ಕದಲ್ಲಿದ್ದ ಹೊಸ ಕಾರನ್ನು. ಕೆಎ 53, ಅಂದರೆ ಕೆ.ಆರ್. ಪುರದ ನೋಂದಣಿ. ಮೈತುಂಬ ಸಕಲೇಶಪುರದ ಕೆಂಪು ಕೆಸರು. ಹೋಂಸ್ಟೇ ದಾರಿಯಲ್ಲಿ ಕಲ್ಲು ಬಡಿದು ಚೇಂಬರ್ ಕೆಳಗಿನ ಗಾರ್ಡ್ ಬಗ್ಗಿತ್ತು. ಟೊಯೊಟಾ ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್. ಗಾರ್ಡ್ ನೆಟ್ಟಗೆ ಮಾಡಿಕೊಡುವುದಕ್ಕಷ್ಟೇ ಚಾಚಾ ಒಪ್ಪಿದ್ದರು. "ಕಬ್ಬಿಣ ಎಷ್ಟು ಬೇಕಾದ್ರೂ ಬಡೀತೀನಿ ಸಾರ್, ಆ ಕೇಸರಿ ವೈರ್ ಮಾತ್ರ ಮುಟ್ಟಲ್ಲ." ಸರಿಯಾಗಿಯೇ ಹೇಳಿದರು. ಹೈಬ್ರಿಡ್ ಕಾರುಗಳಲ್ಲಿ ಕೇಸರಿ ಹೊದಿಕೆಯ ಕೇಬಲ್ ಅಂದರೆ ಅದರೊಳಗೆ ಹೈ ವೋಲ್ಟೇಜ್. ಈ ಕಾರಿನ ಬ್ಯಾಟರಿಯೇ 177.6 ವೋಲ್ಟಿನದು.

ಟಾರ್ಚ್ ಹಿಡಿದು ಬಗ್ಗಿದೆವು. ಪಕ್ಕದ ಜೀಪಿನ ಹೊಟ್ಟೆಯಲ್ಲಿ ಗೇರ್‌ಬಾಕ್ಸ್, ಅದರ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್, ಅಲ್ಲಿಂದ ಮುಂದಕ್ಕೊಂದು ಹಿಂದಕ್ಕೊಂದು ಶಾಫ್ಟು, ಎರಡೂ ತುದಿಗೆ ಡಿಫರೆನ್ಷಿಯಲ್ಲಿನ ದಪ್ಪ ಗುಂಡು. ಹೈಬ್ರಿಡ್ಡಿನ ಕೆಳಗೆ ಸೈಲೆನ್ಸರ್ ಪೈಪು, ಪೆಟ್ರೋಲ್ ಟ್ಯಾಂಕು, ಬ್ರೇಕಿನ ಸಣ್ಣ ಕೊಳವೆಗಳು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಯಾವುದೂ ಇಲ್ಲ. "ಖಾಲಿ ಸಾರ್, ಪೂರಾ ಖಾಲಿ!" ಅಂದರು ಚಾಚಾ, ಮೋಸ ಪತ್ತೆ ಹಚ್ಚಿದ ದನಿಯಲ್ಲಿ. ಮೋಸವೇನಲ್ಲ, ಕಂಪನಿಯ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದೇ ಇದೆ. ಆದರೆ ಅದನ್ನು ಓದುವುದೇ ಬೇರೆ, ಕೆಳಗೆ ಬಗ್ಗಿ ನೋಡುವುದೇ ಬೇರೆ. ಆ ಖಾಲಿ ಜಾಗ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

2022ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಎರಡು ಅವಳಿಗಳು ಹೊರಬಂದವು: ಟೊಯೊಟಾದ ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರಾ. ಎರಡರಲ್ಲೂ ಸ್ಟ್ರಾಂಗ್ ಹೈಬ್ರಿಡ್ ಸಿಗುತ್ತದೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿಯೂ ಸಿಗುತ್ತದೆ. ಎರಡೂ ಒಂದೇ ಕಾರಿನಲ್ಲಿ ಮಾತ್ರ ಸಿಗುವುದಿಲ್ಲ. ಇಂದಿರಾನಗರದ ನೂರಡಿ ರಸ್ತೆಯ ಆಸುಪಾಸಿನ ಶೋರೂಮಿನಲ್ಲಿ ಕೇಳಿ ನೋಡಿ. ಟೈ ಕಟ್ಟಿದ ಹುಡುಗ ನಗುತ್ತ "ಹೈಬ್ರಿಡ್ ಬೇಕಾ ಸರ್, ಫೋರ್ ವೀಲ್ ಬೇಕಾ?" ಅನ್ನುತ್ತಾನೆ. ಎರಡೂ ಬೇಕು ಅಂದರೆ ಮೈಲೇಜಿನ ಮಾತಿಗೆ ಹೊರಳುತ್ತಾನೆ. ಲೀಟರಿಗೆ 27.97 ಕಿಲೋಮೀಟರ್, ಎಆರ್‌ಎಐ ಪ್ರಮಾಣಿತ. ದೂರವಾಣಿನಗರದಿಂದ ಎಂ.ಜಿ. ರಸ್ತೆಗೆ ದಿನಾ ತೆವಳುವವನಿಗೆ ಆ ಅಂಕಿ ಕಿವಿಗೆ ತಂಪು, ಒಪ್ಪೋಣ.

ಆದರೆ ಇನ್ನೊಂದು ಅಂಕಿ ನೋಡಿ. ಹೈಬ್ರಿಡ್ಡಿನ ವಿದ್ಯುತ್ ಮೋಟಾರಿನ ಟಾರ್ಕ್ 141 ನ್ಯೂಟನ್ ಮೀಟರ್. ಚಕ್ರ ತಿರುಗುವ ಮೊದಲೇ, ನಿಂತ ನಿಲುವಿನಲ್ಲೇ ಅದು ಸಿದ್ಧ. ನಾಲ್ಕು ಚಕ್ರದ ಮಾದರಿಯ ಪೆಟ್ರೋಲ್ ಎಂಜಿನ್ನಿಗೆ 137ರಷ್ಟು ಬರಬೇಕಾದರೆ ಅದು ನಿಮಿಷಕ್ಕೆ 4,400 ಸುತ್ತು ತಿರುಗಬೇಕು. ಕೆಸರಿನಲ್ಲಿ, ಕಲ್ಲಿನ ಮೆಟ್ಟಿಲಿನಂಥ ದಾರಿಯಲ್ಲಿ ನಡೆದು ಹೋಗುವವನಿಗಿಂತ ನಿಧಾನವಾಗಿ ಹತ್ತುವಾಗ ಬೇಕಾಗುವುದು ಮೊದಲನೆಯ ಬಗೆಯ ಶಕ್ತಿ. ಅಂದರೆ ಗುಡ್ಡಕ್ಕೆ ಬೇಕಾದ ಮೋಟಾರು ಪೇಟೆಯ ಕಾರಿಗೆ ಹೋಗಿದೆ, ಗುಡ್ಡದ ಕಾರಿಗೆ ಪೇಟೆಯ ಎಂಜಿನ್ ಬಂದಿದೆ. ಹಳೇ ಜೀಪುಗಳು ಈ ಕೊರತೆಯನ್ನು ಲೋ ಗೇರಿನಿಂದ ನೀಗಿಸಿಕೊಂಡವು: ವೇಗ ಬಿಟ್ಟುಕೊಟ್ಟು ಬಲ ಪಡೆಯುವ ವ್ಯವಹಾರ. 1941ರ ವಿಲ್ಲೀಸ್‌ಗೆ ಇದ್ದದ್ದು 60 ಅಶ್ವಶಕ್ತಿ. ಇಂದಿನ ಸಣ್ಣ ಕಾರುಗಳಿಗೂ ಅದಕ್ಕಿಂತ ಹೆಚ್ಚಿರುತ್ತದೆ. ಆದರೂ ಅದು ಹತ್ತಿದ ಕಡೆ ಇವು ಹತ್ತುವುದಿಲ್ಲ.

ವಿದ್ಯುತ್ ಮೋಟಾರಿನ ಮಹಿಮೆ ನೋಡಬೇಕಾದರೆ ಶೋರೂಮಿಗೆ ಹೋಗಬೇಕಾಗಿಲ್ಲ, ಕೆ.ಆರ್. ಪುರಕ್ಕೆ ಹೋಗಿ. ತೂಗುಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಎಷ್ಟೋ ಮಂದಿ ದಿನಾ ಶಪಿಸುತ್ತಾರೆ. ಕೆಳಗಿನ ರೈಲು ನಿಲ್ದಾಣದ ಕಡೆ ಕಣ್ಣು ಹಾಯಿಸುವವರು ಕಡಿಮೆ. ಕೃಷ್ಣರಾಜಪುರಕ್ಕೆ ರೈಲ್ವೆಯ ದೊಡ್ಡ ಡೀಸೆಲ್ ಲೋಕೋ ಶೆಡ್ ಇದೆ. ಬಹುತೇಕ ಮಾರ್ಗಗಳು ವಿದ್ಯುದೀಕರಣಗೊಂಡ ಮೇಲೆ ಈಗ ವಿದ್ಯುತ್ ಎಂಜಿನ್ನುಗಳೂ ಅಲ್ಲಿ ತಂಗುತ್ತವೆ. ನನ್ನ ಮೋಹವಿರುವುದು ಹಳೇ ಡೀಸೆಲ್ಲುಗಳ ಮೇಲೆ. ಡೀಸೆಲ್ ಎಂಜಿನ್ನೇ ರೈಲಿನ ಚಕ್ರ ತಿರುಗಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ, ಅದು ಚಕ್ರವನ್ನು ಮುಟ್ಟುವುದೇ ಇಲ್ಲ. ಅಮೆರಿಕದ ಆಲ್ಕೋ ವಿನ್ಯಾಸದ ಡಬ್ಲ್ಯುಡಿಎಂ-2 ತೆಗೆದುಕೊಳ್ಳಿ: 16 ಸಿಲಿಂಡರ್, 2,600 ಅಶ್ವಶಕ್ತಿ. ಆ ದೈತ್ಯ ಎಂಜಿನ್ನಿನ ಕೆಲಸ ಒಂದೇ, ಜನರೇಟರ್ ತಿರುಗಿಸಿ ಕರೆಂಟು ಹುಟ್ಟಿಸುವುದು. ಆ ಕರೆಂಟು ಆರು ಅಚ್ಚುಗಳ ಮೇಲಿನ ಆರು ಮೋಟಾರುಗಳಿಗೆ ಹೋಗುತ್ತದೆ, ಚಕ್ರ ತಿರುಗಿಸುವುದು ಅವೇ. ಕ್ಲಚ್ಚಿಲ್ಲ, ಗೇರ್‌ಬಾಕ್ಸಿಲ್ಲ. ಸಾವಿರಾರು ಟನ್ ಸರಕನ್ನು ಶೂನ್ಯದಿಂದ ಕದಲಿಸುವ ಹೊತ್ತಿನಲ್ಲಿ 2,600 ಅಶ್ವಶಕ್ತಿಯನ್ನು ತಡೆದುಕೊಳ್ಳುವ ಕ್ಲಚ್ ಮಾಡಿದ್ದರೆ ಮೊದಲ ಸ್ಟೇಷನ್ನಿನಲ್ಲೇ ಸುಟ್ಟು ಬೂದಿಯಾಗುತ್ತಿತ್ತು. ನಿಂತ ಮೋಟಾರು ಗರಿಷ್ಠ ಬಲ ಕೊಡುತ್ತದೆ, ನಿಂತ ಎಂಜಿನ್ನು ಏನೂ ಕೊಡುವುದಿಲ್ಲ. ಈ ಸತ್ಯವನ್ನು ರೈಲ್ವೆಯವರು ಅರವತ್ತರ ದಶಕದಿಂದ ನಮ್ಮ ಕಣ್ಣೆದುರೇ ಓಡಿಸಿದ್ದಾರೆ. ಕಾರು ಮಾರುವವರು ಈಗ ಅದನ್ನೇ ಹೊಸ ಶೋಧವೆಂಬಂತೆ ಹೇಳುವಾಗ ನನಗೆ ಸ್ವಲ್ಪ ನಗು ಬರುತ್ತದೆ.

ಈ ಡೀಸೆಲ್ ರೈಲಿಗೆ ಇಲ್ಲದ್ದು ಶಕ್ತಿ ಕೂಡಿಡುವ ಬ್ಯಾಟರಿ. ಇಳಿಜಾರಿನಲ್ಲಿ ಅದೇ ಮೋಟಾರುಗಳು ಜನರೇಟರ್ ಆಗಿ ತಿರುಗಿ ವೇಗ ತಗ್ಗಿಸುತ್ತವೆ. ಹುಟ್ಟಿದ ಕರೆಂಟನ್ನು ಏನು ಮಾಡುವುದು? ಎಂಜಿನ್ನಿನೊಳಗಿನ ರೆಸಿಸ್ಟರ್ ಕಂಬಿಗಳಲ್ಲಿ ಕಾಯಿಸಿ, ಫ್ಯಾನು ಹಾಕಿ, ಗಾಳಿಗೆ ಬಿಡುವುದು. ಹೈಬ್ರಿಡ್ ಕಾರು ಹೀಗೆ ದಂಡ ಮಾಡದೆ ಬ್ಯಾಟರಿಗೆ ತುಂಬಿಕೊಳ್ಳುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಪೇಟೆಯ ಸಿಗ್ನಲ್ಲುಗಳ ನಡುವೆ ಇದು ನಿಜ. ಘಾಟಿಯಲ್ಲಿ? ಬೆಸ್ಕಾಂ ಬಿಲ್ಲಿನ ಲೆಕ್ಕದಲ್ಲೇ ನೋಡೋಣ. ಹೈರೈಡರ್ ಬ್ಯಾಟರಿಯ ಸಾಮರ್ಥ್ಯ 0.76 ಕಿಲೋವ್ಯಾಟ್ ಅವರ್, ಅಂದರೆ ಮುಕ್ಕಾಲು ಯೂನಿಟ್ಟು. ಜನ, ಸಾಮಾನು ಸೇರಿ 1,600 ಕೆಜಿ ತೂಗುವ ಕಾರು ಘಾಟಿಯಲ್ಲಿ 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಎರಡು ಯೂನಿಟ್ಟಿಗೂ ಹೆಚ್ಚು. ಗಾಳಿಗೆ, ಟೈರಿನ ಘರ್ಷಣೆಗೆ ಒಂದಷ್ಟು ಹೋಗಲಿ. ಉಳಿದದ್ದಕ್ಕೂ ಜಾಗ ಸಾಲದು. ಬ್ಯಾಟರಿ ತುಂಬಿದ ಮೇಲೆ ಹೆಚ್ಚುವರಿ ಕರೆಂಟಿನಲ್ಲಿ ಪೆಟ್ರೋಲ್ ಎಂಜಿನ್ನನ್ನೇ ಸುಮ್ಮನೆ ತಿರುಗಿಸಿ ಶಕ್ತಿ ಕಳೆಯಬೇಕಾಗುತ್ತದೆ. ಆಗುಂಬೆಯ ತಿರುವಿನಲ್ಲಿ ಯಾರೂ ಪೆಡಲ್ ಒತ್ತದೆಯೇ ಎಂಜಿನ್ ಗುರ್ರೆಂದು ಏರಿದರೆ ಗಾಬರಿ ಬೇಡ. ಹತ್ತುವಾಗ ಇದರ ತಿರುಗುಮುರುಗು. ಮುಕ್ಕಾಲು ಯೂನಿಟ್ಟು ಬೇಗ ಬರಿದಾಗುತ್ತದೆ, ಆಮೇಲೆ ಎಲ್ಲ ಭಾರವೂ ಮೂರು ಸಿಲಿಂಡರಿನ ಎಂಜಿನ್ನಿನ ಮೇಲೆ.

ಹೊರದೇಶಗಳ ಕಥೆ ಬೇಗ ಹೇಳಿಬಿಡುತ್ತೇನೆ. 1997ರ ಪ್ರಿಯಸ್ ಎಲ್ಲರಿಗೂ ಗೊತ್ತು. 2004ರಲ್ಲಿ ಫೋರ್ಡ್ ಎಸ್ಕೇಪ್, 2005ರಲ್ಲಿ ಲೆಕ್ಸಸ್ ಆರ್‌ಎಕ್ಸ್ 400ಎಚ್ ಬಂದು ಹೈಬ್ರಿಡ್ ಎಸ್‌ಯುವಿ ಎಂಬ ಮಾತು ಚಾಲ್ತಿಗೆ ಬಂತು. ಆ ಲೆಕ್ಸಸ್ ನಾಲ್ಕು ಚಕ್ರದ ಮಾದರಿಯಲ್ಲಿ ಹಿಂದಿನ ಅಚ್ಚಿಗೆ ಪ್ರತ್ಯೇಕ ಮೋಟಾರ್ ಇಟ್ಟು ಶಾಫ್ಟನ್ನೇ ಕೈಬಿಟ್ಟಿತು. ಚಾಚಾನ "ಪೂರಾ ಖಾಲಿ"ಯನ್ನು ಹಾಗೂ ತುಂಬಬಹುದಿತ್ತು. 2023ರಲ್ಲಿ ಚೀನಾದ ಬಿವೈಡಿ, ಯಾಂಗ್‌ವಾಂಗ್ ಯು8 ಎಂಬ ಹೈಬ್ರಿಡ್ ದೈತ್ಯವನ್ನು ತಂದಿತು. ಒಂದೊಂದು ಚಕ್ರಕ್ಕೆ ಒಂದೊಂದು ಮೋಟಾರು. ತುರ್ತಿನಲ್ಲಿ ನೀರಿನ ಮೇಲೆ ತೇಲುತ್ತದೆ ಕೂಡ. 2022ರ ಸೆಪ್ಟೆಂಬರಿನ ನೆರೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಪೂರ್ವ ಬೆಂಗಳೂರಿನ ಟೆಕ್ಕಿಗಳಿಗೆ ಇದು ಹುಡುಗಾಟದ ವಿಷಯವಾಗಿ ಕಾಣಲಾರದು.

ನನಗೆ ನಂಬಿಕೆ ಹುಟ್ಟಿಸಿದ್ದು ಹಳೇ ಕಬ್ಬಿಣವನ್ನು ಬಿಡದ ಹೈಬ್ರಿಡ್‌ಗಳು. ಜೀಪ್ ರ‍್ಯಾಂಗ್ಲರ್ 4ಎಕ್ಸ್‌ಇ 17.3 ಕಿಲೋವ್ಯಾಟ್ ಅವರ್ ಬ್ಯಾಟರಿ ಹೊತ್ತಿದ್ದರೂ, ಟಾರ್ಕ್ ಕನ್ವರ್ಟರ್ ಜಾಗದಲ್ಲಿ ಮೋಟಾರ್ ಕೂರಿಸಿಕೊಂಡಿದ್ದರೂ, ಲೋ ಗೇರು, ಶಾಫ್ಟು, ಗಟ್ಟಿ ಅಚ್ಚು ಯಾವುದನ್ನೂ ಬಿಟ್ಟುಕೊಟ್ಟಿಲ್ಲ. ಇನ್ನೂ ಸ್ವಾರಸ್ಯದ್ದು 2024ರಲ್ಲಿ ಲೆಕ್ಸಸ್ ಪ್ರಕಟಿಸಿದ ಎಲ್‌ಎಕ್ಸ್ 700ಎಚ್. ಹೈಬ್ರಿಡ್ ಆದಮೇಲೆ ಬೇರೆ ಸೆಲ್ಫ್ ಮೋಟಾರು, ಬೇರೆ ಡೈನಮೋ ಬೇಕಿಲ್ಲ, ದೊಡ್ಡ ಮೋಟಾರೇ ಆ ಎರಡೂ ಕೆಲಸ ಮಾಡುತ್ತದೆ. ಆದರೂ ಇದರಲ್ಲಿ ಅವೆರಡನ್ನೂ ಉಳಿಸಿಕೊಂಡಿದ್ದಾರೆ. ಮರುಭೂಮಿಯ ನಟ್ಟನಡುವೆ ಹೈಬ್ರಿಡ್ ವ್ಯವಸ್ಥೆ ಪೂರ್ತಿ ಕೈಕೊಟ್ಟರೂ ಎಂಜಿನ್ ಚಾಲೂ ಆಗಿ ಊರಿಗೆ ಬಂದು ಸೇರಬೇಕು ಎಂಬ ಲೆಕ್ಕ. ಬ್ಯಾಟರಿಗೆ ನೀರು ನುಗ್ಗದ ತಟ್ಟೆ, ನುಗ್ಗಿದರೆ ಎಚ್ಚರಿಸುವ ಸೆನ್ಸರ್. 700 ಮಿಲಿಮೀಟರ್ ನೀರಿನಲ್ಲಿ ಇಳಿಯುವ ಶಕ್ತಿ ಹಾಗೇ ಇದೆ. ಹೈಬ್ರಿಡ್ ಮಾಡಿದವರೇ ಹೈಬ್ರಿಡ್ ಮೇಲೆ ಪೂರ್ತಿ ಭಾರ ಹಾಕದ ಈ ಪ್ರಾಮಾಣಿಕತೆ ಯಾವ ಜಾಹೀರಾತಿಗಿಂತಲೂ ನನಗೆ ಹೆಚ್ಚು ಹಿಡಿಸಿತು.

ನಮ್ಮಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ಕುಳಿತ ಹೈಬ್ರಿಡ್ ಅಂದರೆ 2025ರ ಜೂನ್‌ನಲ್ಲಿ ಬಂದ ಫಾರ್ಚುನರ್ ನಿಯೋ ಡ್ರೈವ್. 2009ರಿಂದ ಬಿಡದಿಯಲ್ಲಿ ಜೋಡಣೆಯಾಗುತ್ತಿರುವ ಫಾರ್ಚುನರ್, ಅದರ ಈಗಿನ 2.8 ಲೀಟರ್ ಡೀಸೆಲ್ ಎಂಜಿನ್. ಜೊತೆಗೆ 48 ವೋಲ್ಟಿನ ಸಣ್ಣ ಬ್ಯಾಟರಿ, ಬೆಲ್ಟಿಗೆ ಕಟ್ಟಿದ ಮೋಟಾರ್. ಇದು ವಿದ್ಯುತ್ತಿನಲ್ಲೇ ಓಡುವ ಗಾಡಿಯಲ್ಲ, ಡೀಸೆಲ್ಲಿಗೆ ಆಗಾಗ ಹೆಗಲು ಕೊಡುತ್ತದೆ, ಅಷ್ಟೆ. ಇದೇ ಎಂಜಿನ್ನಿನ ಹೈಲಕ್ಸ್‌ಗೆ ಯುರೋಪಿನಲ್ಲಿ ಇದೇ ಬಗೆಯ ವ್ಯವಸ್ಥೆ ಹಾಕಿದಾಗ ಕಂಪನಿ ಕೊಟ್ಟ ವಿವರ: ಬ್ಯಾಟರಿ 7.6 ಕೆಜಿ, ಮೋಟಾರು 12 ಕಿಲೋವ್ಯಾಟ್, ಎಂಜಿನ್ನಿನ ಐಡ್ಲಿಂಗ್ ನಿಮಿಷಕ್ಕೆ 720 ಸುತ್ತಿನಿಂದ 600ಕ್ಕೆ ಇಳಿಕೆ. ಕೊನೆಯ ಅಂಕಿ ಕೇಳಿ ಚಾಚಾ ತಲೆಯಾಡಿಸಿದರು. ಕಲ್ಲಿನ ಮೇಲೆ ಆಕ್ಸಿಲರೇಟರ್ ಮುಟ್ಟದೆ ತೆವಳುವಾಗ 120 ಸುತ್ತು ಕಡಿಮೆ ಅಂದರೆ ಗಾಡಿ ಇನ್ನಷ್ಟು ಹಿಡಿತದಲ್ಲಿ ಇರುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ತೆರಿಗೆಯ ಮಾತು. 2025ರ ಸೆಪ್ಟೆಂಬರ್ 21ರವರೆಗೆ ದೊಡ್ಡ ಎಸ್‌ಯುವಿಗಳ ಮೇಲೆ ಜಿಎಸ್‌ಟಿ, ಸೆಸ್ ಸೇರಿ ಶೇ 50 ಇತ್ತು, ಹೈಬ್ರಿಡ್‌ಗಳ ಮೇಲೆ ಶೇ 43. ಆಮೇಲೆ ಎರಡಕ್ಕೂ ಶೇ 40. ಬೆಲೆ ಇಳಿಯಿತು ಎಂದು ಎಲ್ಲರೂ ಸಂಭ್ರಮಿಸಿದರು. ಹೈಬ್ರಿಡ್ಡಿಗಿದ್ದ 7 ಪಾಯಿಂಟ್‌ನ ರಿಯಾಯಿತಿ ಸದ್ದಿಲ್ಲದೆ ಮಾಯವಾದದ್ದು ಸುದ್ದಿಯಾಗಲಿಲ್ಲ. ಶೇ 5ರ ವಿದ್ಯುತ್ ಕಾರಿಗೂ ಶೇ 40ರ ಡೀಸೆಲ್ಲಿಗೂ ನಡುವೆ ನಿಂತಿರುವ ಈ ತಂತ್ರಜ್ಞಾನವನ್ನು ಸರ್ಕಾರ ಡೀಸೆಲ್ಲಿನ ಸಾಲಿಗೇ ಸೇರಿಸಿದೆ.

ಕೊಡಚಾದ್ರಿಗೆ ಜೀಪು ಹೊಡೆಯುವ ಪರಿಚಯದ ಚಾಲಕರೊಬ್ಬರಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಆ ದಾರಿ ಕಂಡವರಿಗೆ ಗೊತ್ತು, ಅಲ್ಲಿ ರಸ್ತೆ ಎಂಬುದು ಮಳೆ ಬಿಟ್ಟುಕೊಟ್ಟಷ್ಟು ಮಾತ್ರ. ನಿಂತಲ್ಲೇ ಪೂರ್ತಿ ಬಲ ಕೊಡುವ ಮೋಟಾರಿನ ಮಾತು ಅವರಿಗೆ ಹಿಡಿಸಿತು. "ಕ್ಲಚ್ ಪ್ಲೇಟಿನ ಖರ್ಚು ಉಳೀತು ಹಂಗಾರೆ" ಅಂದರು. ಅವರಂಥವರಿಗೆ ಅದು ಸಣ್ಣ ಉಳಿತಾಯವಲ್ಲ. "ಮೇಲೆ ಕೆಟ್ಟು ನಿಂತ್ರೆ ಯಾರಿಗೆ ಫೋನ್ ಮಾಡೂದು ಮಾರಾಯ್ರೆ? ಸಿಗ್ನಲ್ಲೇ ಇಲ್ಲ." ಲೆಕ್ಸಸ್ಸಿನ ಹೆಚ್ಚುವರಿ ಸೆಲ್ಫಿನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಅದರ ಹಿಂದಿನ ಸೀಟಿನಲ್ಲಿ ಎಷ್ಟು ಜನ ಕೂರಿಸಬಹುದು ಎಂದು ಕೇಳಿದರು.