ಪೆಟ್ಟು ಕತ್ತಿಗೆ, ಜೋಮು ಬೆರಳಿಗೆ

ಸ್ಕೂಟರಿನಿಂದ ಬಿದ್ದವರೊಬ್ಬರ ಕತ್ತಿಗೆ ಪೆಟ್ಟಾಗಿದೆ ಎಂದುಕೊಳ್ಳಿ. ಎಕ್ಸ್-ಕಿರಣ ಚಿತ್ರದಲ್ಲಿ ಮೂಳೆ ಮುರಿದ ಗುರುತಿಲ್ಲ. ಆದರೂ ಬಲಗೈ ಹೆಬ್ಬೆರಳಿನ ಜೋಮು ಹೋಗುತ್ತಿಲ್ಲ. ಇದೇಕೆ ಹೀಗೆ?

ಕತ್ತಿನಲ್ಲಿ 7 ಕಶೇರುಮಣಿಗಳಿವೆ. ಅವುಗಳ ನಾಳದೊಳಗೆ ಇಳಿಯುವ ಮಿದುಳುಬಳ್ಳಿಯಿಂದ 8 ಜೊತೆ ನರಗಳು ಕವಲೊಡೆಯುತ್ತವೆ. ಸಾಮಾನ್ಯವಾಗಿ 6ನೆಯ ನರ ಹೆಬ್ಬೆರಳಿನ, 7ನೆಯದು ನಡುಬೆರಳಿನ, 8ನೆಯದು ಕಿರುಬೆರಳಿನ ಸ್ಪರ್ಶಜ್ಞಾನವನ್ನು ಒಯ್ಯುತ್ತವೆ. 6ನೆಯ ನರ ಹೊರಬರುವುದು 5 ಮತ್ತು 6ನೆಯ ಮಣಿಗಳ ನಡುವಿನಿಂದ. ಆದ್ದರಿಂದ ಜೋಮು ಹಿಡಿದ ಬೆರಳೇ ಪೆಟ್ಟಿನ ಜಾಗಕ್ಕೆ ಮೊದಲ ಸುಳಿವು. ಸ್ಪರ್ಶ, ಸ್ನಾಯುಬಲ ಹಾಗೂ ಪ್ರತಿವರ್ತನೆಗಳನ್ನು ಪರೀಕ್ಷಿಸಿ ವೈದ್ಯರು ಈ ಸುಳಿವನ್ನು ಖಚಿತಪಡಿಸಿಕೊಳ್ಳುತ್ತಾರೆ.

ಕ್ಯಾಲ್ಸಿಯಂ ತುಂಬಿದ ಮೂಳೆ ಎಕ್ಸ್-ಕಿರಣಗಳನ್ನು ಚೆನ್ನಾಗಿ ಹೀರುತ್ತದೆ. ನರ, ಬಿಲ್ಲೆ, ಅಸ್ಥಿರಜ್ಜುಗಳು ಅಷ್ಟಾಗಿ ಹೀರುವುದಿಲ್ಲ. ಹೀಗಾಗಿ ಆ ಚಿತ್ರದಲ್ಲಿ ಮೃದು ಅಂಗಾಂಶಗಳ ವಿವರ ಸಿಗದು. ಸಿ.ಟಿ. ಯಂತ್ರವೂ ಎಕ್ಸ್-ಕಿರಣಗಳನ್ನೇ ಬಳಸುತ್ತದೆ. ಆದರೆ ಹಲವು ಕೋನಗಳಿಂದ ಪಡೆದ ಮಾಹಿತಿಯನ್ನು ಗಣಕ ಜೋಡಿಸುವುದರಿಂದ ಸಣ್ಣ ಬಿರುಕುಗಳೂ ಕಾಣುತ್ತವೆ. ವಯಸ್ಕರಿಗೆ ತೀವ್ರ ಪೆಟ್ಟಾದಾಗ ಇಂದು ಮೊದಲು ಮಾಡುವುದು ಸಾಮಾನ್ಯವಾಗಿ ಸಿ.ಟಿ.ಯನ್ನೇ.

ನರದ ತೊಂದರೆಗೆ ಎಂ.ಆರ್.ಐ. ಬೇಕು. ಇದು ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪ್ರೋಟಾನುಗಳನ್ನು ಆಧರಿಸಿದೆ. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಅವು ಸುಮಾರು 64 ಮೆಗಾಹರ್ಟ್ಸ್ ಆವೃತ್ತಿಯ ರೇಡಿಯೋ ಅಲೆಗಳಿಗೆ ಅನುರಣಿಸುತ್ತವೆ. ಅಲೆ ನಿಂತ ಮೇಲೆ ಮೊದಲ ಸ್ಥಿತಿಗೆ ಮರಳಲು ತಗಲುವ ಕಾಲ ಅಂಗಾಂಶದಿಂದ ಅಂಗಾಂಶಕ್ಕೆ ಬೇರೆ. ಈ ವ್ಯತ್ಯಾಸವೇ ಚಿತ್ರವಾಗುತ್ತದೆ. ಹೊರಚಾಚಿದ ಬಿಲ್ಲೆ, ಒತ್ತಡಕ್ಕೆ ಸಿಕ್ಕ ನರಮೂಲ, ಬಾತುಕೊಂಡ ಮಿದುಳುಬಳ್ಳಿ ಇದರಲ್ಲಿ ಗೋಚರಿಸುತ್ತವೆ. ಎಕ್ಸ್-ಕಿರಣ ಚಿತ್ರದಲ್ಲಿ ದೋಷವಿಲ್ಲದಿದ್ದರೂ ಮಿದುಳುಬಳ್ಳಿಗೆ ಹಾನಿಯಾದ ಮಕ್ಕಳ ಬಗ್ಗೆ 1982ರಲ್ಲಿಯೇ ವರದಿಯಾಗಿತ್ತು. ಎಂ.ಆರ್.ಐ. ಬಂದ ಮೇಲೆ ಅಂಥ ಹಲವರಲ್ಲಿ ಹಾನಿಯನ್ನು ನೇರವಾಗಿ ಕಾಣಲು ಸಾಧ್ಯವಾಯಿತು.

ಹಾಗೆಂದು ಚಿತ್ರವೇ ಕೊನೆಯ ತೀರ್ಪಲ್ಲ. ಯಾವ ತೊಂದರೆಯೂ ಇಲ್ಲದ 63 ಜನರ ಕತ್ತಿನ ಎಂ.ಆರ್.ಐ. ಚಿತ್ರಗಳನ್ನು ಪರಿಶೀಲಿಸಿದ 1990ರ ಅಧ್ಯಯನವೊಂದರಲ್ಲಿ ಶೇಕಡಾ 19ರಷ್ಟು ಮಂದಿಯಲ್ಲಿ ದೋಷಗಳು ಕಂಡವು! ಆದ್ದರಿಂದ ಚಿತ್ರದಲ್ಲಿ ಕಂಡದ್ದು ರೋಗಿಯ ಲಕ್ಷಣಕ್ಕೆ ಹೊಂದಬೇಕು. ಹೆಬ್ಬೆರಳು ಜೋಮುಗಟ್ಟಿದ್ದು, ಬಿಲ್ಲೆ ಚಾಚಿರುವುದು 6 ಮತ್ತು 7ನೆಯ ಮಣಿಗಳ ನಡುವೆ ಎಂದಾದರೆ, ಅದನ್ನೇ ಕಾರಣವೆಂದು ಒಪ್ಪುವ ಮುನ್ನ ಮತ್ತೆ ಯೋಚಿಸಬೇಕು. ಸಂದೇಹ ಉಳಿದರೆ ನರ ಹಾಗೂ ಸ್ನಾಯುಗಳ ವಿದ್ಯುತ್ ಪರೀಕ್ಷೆಯಿದೆ. ಆದರೆ ಸ್ನಾಯುವಿನಲ್ಲಿ ಬದಲಾವಣೆ ಕಾಣಲು 2–3 ವಾರಗಳೇ ಬೇಕಾಗಬಹುದು.

ಎಲ್ಲ ಲಕ್ಷಣಗಳಿಗೂ ಕಾಯಲು ಸಮಯವಿರುವುದಿಲ್ಲ. ಕೈಕಾಲು ಬಲಗುಂದುವುದು, ನಡಿಗೆ ತಡವರಿಸುವುದು, ಮೂತ್ರ ಕಟ್ಟುವುದು ಮಿದುಳುಬಳ್ಳಿಗೆ ಅಪಾಯವಾಗಿರುವ ಸೂಚನೆಗಳು. ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಶಾಲೆಯ ಮೈದಾನದಲ್ಲಿ ಹುಡುಗನೊಬ್ಬ ತಲೆಕೆಳಗಾಗಿ ಬಿದ್ದು ಕತ್ತು ನೋವೆಂದರೆ, ಎಬ್ಬಿಸಿ ಕೂರಿಸಲು ಹೋಗಬೇಡಿ. ತಲೆ ಅಲುಗದಂತೆ ಹಿಡಿದುಕೊಂಡು ನೆರವಿಗೆ ಕರೆಯಿರಿ. ಎಷ್ಟೇ ಉತ್ತಮ ಯಂತ್ರವಾದರೂ ಆದ ಹಾನಿಯನ್ನು ತೋರಿಸಬಲ್ಲದು. ಹೆಚ್ಚಿನ ಹಾನಿಯಾಗದಂತೆ ತಡೆಯುವುದು ನಿಮ್ಮ ಕೈಯಲ್ಲಿದೆ.